ಕುಂಕುಮ ಹಚ್ಚಿದ ಲೈಸೆನ್ಸು ಮತ್ತು ನನ್ನ ಅಫಿಡವಿಟ್

ನಮ್ಮ ಭಜನಾ ಮಂಡಳಿಯಲ್ಲಿ ಈ ಕಥೆಯನ್ನು ನನಗಿಂತ ಚೆನ್ನಾಗಿ ಹೇಳುವವರು ಹತ್ತು ಜನರಾದರೂ ಇದ್ದಾರೆ. ಅವರು ಹೇಳುವ ಪ್ರಕಾರ 2012ರ ಶ್ರಾವಣದ ಒಂದು ಶುಕ್ರವಾರ ದೇವಿ ಪಾತ್ರಿಯ ಮೈಮೇಲೆ ಬಂದು, ನನ್ನ ಅಪ್ಪನನ್ನು ಹೆಸರು ಹಿಡಿದು ಕರೆದು, "ಹೋಟೆಲಿನ ಲೈಸೆನ್ಸಿನಿಂದ ಮಗಳ ಹೆಸರು ತೆಗೆ, ಅವಳು ಕೋರ್ಟಿನಲ್ಲಿ ನಿಲ್ಲಬೇಕಾದವಳು" ಎಂದು ಅಪ್ಪಣೆ ಕೊಟ್ಟಳು. ಹೋದ ನವರಾತ್ರಿಯಲ್ಲಿ ನಾನು ಕೇಳಿದ ಆವೃತ್ತಿಯಲ್ಲಂತೂ ದೇವಿ "ಅಫಿಡವಿಟ್" ಎಂಬ ಪದವನ್ನೇ ಬಳಸಿದ್ದಳು.

ಕ್ಷಮಿಸಬೇಕು. ಆ ದಿನ ನಾನು ಅಲ್ಲೇ ಇದ್ದೆ, ಪಾತ್ರಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಅಪ್ಪನ ಪ್ರಶ್ನೆಗೆ ದೇವಿ ಒಂದು ಮಾತನ್ನೂ ಆಡಲಿಲ್ಲ.

ಸ್ಮರಣ ಸಂಚಿಕೆಗೆ ಅನುಭವ ಬರೆದುಕೊಡು ಎಂದು ಕಾರ್ಯದರ್ಶಿಗಳು ಮೂರು ವರ್ಷದಿಂದ ಕೇಳುತ್ತಿದ್ದಾರೆ. ಬರೆದರೆ ನಡೆದದ್ದನ್ನೇ ಬರೆಯುತ್ತೇನೆ ಎಂದೆ. "ನಡೆದದ್ದನ್ನೇ ಬರಿ ಮಾರಾಯ್ತಿ. ಸ್ವಲ್ಪ ಭಕ್ತಿಯಿಂದ ಬರಿ, ಅಷ್ಟೇ" ಎಂದರು. ಭಕ್ತಿಗೂ ನಡೆದದ್ದಕ್ಕೂ ಜಗಳವಿಲ್ಲ ಎಂದು ನನಗೀಗ ಅನ್ನಿಸುತ್ತದೆ. ಆಗ ಅನ್ನಿಸುತ್ತಿರಲಿಲ್ಲ.

ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಮಂಡಳಿಗೆ ಬರುತ್ತಿದ್ದುದು ಅಮ್ಮನ ಹಾರ್ಮೋನಿಯಂ ಹೊರುವುದಕ್ಕೆ. ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ "ದೇವರ ಮೇಲಿನ ನಂಬಿಕೆ ಮನುಷ್ಯನನ್ನು ದುರ್ಬಲಗೊಳಿಸುತ್ತದೆ" ಎಂಬ ವಿಷಯದ ಪರವಾಗಿ ಮಾತಾಡಿ ಗೆದ್ದ ಕಪ್ಪು ನಮ್ಮ ಡೊಂಬಿವಲಿಯ ಮನೆಯಲ್ಲಿ ದೇವರ ಪೀಠದ ಪಕ್ಕದಲ್ಲೇ ಇದೆ. ಅಮ್ಮ ಅದರಲ್ಲಿ ಹೂಬತ್ತಿ ಇಡುತ್ತಾಳೆ.

ಅಪ್ಪನ ಹೋಟೆಲು ಮುಂಬಯಿ ಪಕ್ಕದ ಠಾಣೆ ಪಟ್ಟಣದ ನೌಪಾಡಾದಲ್ಲಿ. ಅದು ಅವರ ಮೂರನೆಯ ಪ್ರಯತ್ನ. ಮೊದಲನೆಯದನ್ನು ಉಲ್ಹಾಸನಗರದಲ್ಲಿ ತಮ್ಮ ಹೆಸರಿನಲ್ಲಿ ತೆರೆದರು, ಎರಡು ವರ್ಷಕ್ಕೆ ಮುಚ್ಚಿತು. ಎರಡನೆಯದನ್ನು ಕಳಂಬೋಲಿಯಲ್ಲಿ ಸುಧಾಕರ ಮಾವನ, ಅಂದರೆ ಅಮ್ಮನ ಅಣ್ಣನ, ಹೆಸರಿನಲ್ಲಿ ತೆರೆದರು. ಅದು ಒಂದೂವರೆ ವರ್ಷ ನಡೆಯಿತು. ಆಮೇಲೆ ಊರಿನ ಜೋಯಿಸರ ಬಳಿ ಹೋಗಿ ಮನೆಯವರೆಲ್ಲರ ಜಾತಕ ಹರಡಿದರು. ನಮ್ಮ ಕಡೆ ವ್ಯಾಪಾರ ಶುರು ಮಾಡುವಾಗ ಯಾರ ಹೆಸರಿಗೆ ಬಲ ಉಂಟು ಎಂದು ನೋಡುವ ಪದ್ಧತಿ ನಿಮಗೆ ಗೊತ್ತೇ ಇದೆ. ಜೋಯಿಸರು ಅಮ್ಮನ ಜಾತಕವನ್ನು ಬದಿಗೆ ಸರಿಸಿ, "ಇದು ಬೇಡ, ದುರ್ಬಲ" ಎಂದರಂತೆ. ನನ್ನದನ್ನು ನೋಡಿ, "ಮಗಳ ಹೆಸರಲ್ಲಿ ಮಾಡಿ. ಮದುವೆಯಾಗಿ ಗೋತ್ರ ಬದಲಾಗುವವರೆಗೆ ಚಿಂತೆ ಇಲ್ಲ" ಎಂದರಂತೆ.

ನನಗೆ ಹದಿನೆಂಟು ತುಂಬಿದ ವಾರವೇ ಅಪ್ಪ ಕಾಗದ ತಂದರು. ಹನ್ನೆರಡನೆಯ ತರಗತಿ ಮುಗಿಸಿ ಐದು ವರ್ಷದ ಕಾನೂನು ಕೋರ್ಸಿಗೆ ಸೇರಿದ್ದೆ. ನಗುತ್ತಾ ಸಹಿ ಹಾಕಿದೆ. ಕರಾರಿಗೆ ಸಹಿ ಹಾಕುವ ಮುಂಚೆ ಓದಬೇಕು ಎಂಬ ಪಾಠ ನಮಗೆ ಎರಡನೆಯ ಸೆಮಿಸ್ಟರಿನಲ್ಲಿತ್ತು.

ಹೋಟೆಲು ನಡೆಯಿತು, ಚೆನ್ನಾಗಿಯೇ ನಡೆಯಿತು. ರುಚಿಯಿಂದ ನಡೆಯಿತು, ಸ್ಟೇಷನ್ನಿಗೆ ಹತ್ತಿರವಿದ್ದುದರಿಂದ ನಡೆಯಿತು ಎಂದು ನಾನು ವಾದಿಸುತ್ತಿದ್ದೆ. ಅಪ್ಪ ವಾದಕ್ಕೆ ಬರುತ್ತಿರಲಿಲ್ಲ. ನನ್ನ ಹೆಸರಿದ್ದ ಆ ಲೈಸೆನ್ಸಿಗೆ ಚೌಕಟ್ಟು ಹಾಕಿಸಿ ಗಲ್ಲಾದ ಹಿಂದೆ, ದೇವರ ಪಟದ ಸಾಲಿನಲ್ಲೇ ತೂಗುಹಾಕಿದ್ದರು. ದಿನವೂ ಅಗರಬತ್ತಿ. ಶುಕ್ರವಾರ ಗಾಜಿನ ಮೇಲೆ ಕುಂಕುಮದ ಬೊಟ್ಟು, ಸರಿಯಾಗಿ ನನ್ನ ಹೆಸರಿರುವ ಜಾಗದಲ್ಲಿ. ಪಾಲಿಕೆಯಿಂದ ತಪಾಸಣೆಗೆ ಬಂದವರೊಬ್ಬರು ಒಮ್ಮೆ, "ಅಣ್ಣಾ, ನಾಂವ್ ದಿಸತ್ ನಾಹಿ!", ಹೆಸರೇ ಕಾಣುತ್ತಿಲ್ಲ, ಎಂದು ಬೆರಳಿನಿಂದ ಕುಂಕುಮ ಒರೆಸಿ ಹೆಸರು ಓದಬೇಕಾಯಿತು. ಅಪ್ಪ ಅವರಿಗೊಂದು ಕಾಫಿ ಕೊಟ್ಟು ಮತ್ತೆ ಬೊಟ್ಟಿಟ್ಟರು.

2012ರಲ್ಲಿ ಪದವಿ ಸಿಕ್ಕಿತು. ಕಾನೂನು ಓದಿದ ಮಾತ್ರಕ್ಕೆ ವಕೀಲೆಯಾಗುವುದಿಲ್ಲ. ಬಾರ್ ಕೌನ್ಸಿಲಿನಲ್ಲಿ ನೋಂದಣಿಯಾಗಬೇಕು, ವಕೀಲಿಕೆಯ ಪರವಾನಗಿಯಾದ ಸನದು ಸಿಗಬೇಕು, ಆಮೇಲೊಂದು ಪರೀಕ್ಷೆಯೂ ಬರೆಯಬೇಕು. ಇದರ ನಡುವೆ ಯಾರಾದರೂ ಹಿರಿಯರ ಚೇಂಬರಿನಲ್ಲಿ ಕೂತು ಕೆಲಸ ಕಲಿಯಬೇಕು. ನಮ್ಮ ಬಳಗದಲ್ಲಿ ಒಬ್ಬ ವಕೀಲರೂ ಇರಲಿಲ್ಲ. ಅರ್ಜಿಗೆ ವಕೀಲರಿಂದ ಸನ್ನಡತೆಯ ಪತ್ರ ಬೇಕು ಎಂದಾಗ ಸುಧಾಕರ ಮಾವ ನಮ್ಮ ಸಂಘದ ಅಧ್ಯಕ್ಷರ ಕೈಯಿಂದ, ಕನ್ನಡದಲ್ಲಿ, "ಇವಳು ಕೋಲಾಟದಲ್ಲಿಯೂ ಮುಂದು" ಎಂದು ಬರೆಸಿ ತಂದಿದ್ದರು. ಅದನ್ನು ಈಗಲೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಕಲ್ಯಾಣದ ಕೋರ್ಟಿನ ಎದುರು ಸಾಠೆ ಮ್ಯಾಡಂ ಅವರ ಕಚೇರಿ. ಕಾಲೇಜಿನ ಅಣಕು ನ್ಯಾಯಾಲಯದ ಸ್ಪರ್ಧೆಗೆ ತೀರ್ಪುಗಾರರಾಗಿ ಬಂದಿದ್ದವರು. ನನ್ನನ್ನು ಜೂನಿಯರ್ ಆಗಿ ತೆಗೆದುಕೊಳ್ಳಲು ಒಪ್ಪಿದರು, ಸನ್ನಡತೆಯ ಪತ್ರಗಳ ವ್ಯವಸ್ಥೆಯನ್ನೂ ಮಾಡಿದರು. ಇದ್ದುದು ಒಂದೇ ಜಾಗ. "ದಸರಾ ಒಳಗೆ ಅರ್ಜಿ ಕೊಟ್ಟ ರಸೀದಿ ತೋರಿಸು. ಇಲ್ಲವಾದರೆ ಇನ್ನೊಬ್ಬ ಹುಡುಗ ಕಾಯುತ್ತಿದ್ದಾನೆ" ಎಂದರು.

ಅರ್ಜಿಯ ಜೊತೆ ಒಂದು ಅಫಿಡವಿಟ್ ಕೊಡಬೇಕು. ನಾನು ಯಾವ ನೌಕರಿಯಲ್ಲೂ ಇಲ್ಲ, ಯಾವ ವ್ಯಾಪಾರವನ್ನೂ ನಡೆಸುತ್ತಿಲ್ಲ ಎಂದು ಪ್ರಮಾಣ ಮಾಡಬೇಕು. ಆ ಸಾಲು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಕುಂಕುಮದ ಬೊಟ್ಟು.

ಹೆಸರು ಮಾತ್ರ ನನ್ನದು, ನಡೆಸುವವರು ಅಪ್ಪ ಎಂದು ವಾದಿಸಬಹುದಿತ್ತು. ಗೆಲ್ಲುವ ವಾದವೇ ಅದು. ಆದರೆ ಜುಲೈ ಮೊದಲ ವಾರದಲ್ಲಿ ಅಪ್ಪ ಗಲ್ಲಾದಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡರು. ಠಾಣೆಯ ಆಸ್ಪತ್ರೆಯಲ್ಲಿ ಎರಡು ಸ್ಟೆಂಟ್ ಹಾಕಿದರು. ಐಸಿಯುವಿನಲ್ಲಿ ಎಚ್ಚರವಾದ ಮೇಲೆ ಅವರು ಕೇಳಿದ ಮೊದಲ ಮಾತು, "ಲೈಸೆನ್ಸಿಗೆ ಅಗರಬತ್ತಿ ಹಚ್ಚಿದಿರಾ?"

"ಹಚ್ಚಿದೆ ಅಪ್ಪ" ಎಂದೆ. ಹಚ್ಚಿರಲಿಲ್ಲ. ಆಸ್ಪತ್ರೆಯಿಂದ ನೇರ ಹೋಟೆಲಿಗೆ ಹೋಗಿ ಹಚ್ಚಿದೆ.

ಮರುದಿನ ಅವರು ನನ್ನ ಕೈ ಹಿಡಿದು, "ನಾನು ಉಳಿದದ್ದು ನಿನ್ನ ಹೆಸರಿನ ಬಲದಿಂದ ಮಗಾ" ಎಂದರು.

ಅಂದಿನಿಂದ ಬೆಳಿಗ್ಗೆ ಏಳರಿಂದ ಗಲ್ಲಾದಲ್ಲಿ ಕೂತವಳು ನಾನೇ. ತರಕಾರಿಯವನ ಜೊತೆ ಜಗಳ, ಗ್ಯಾಸಿನವರಿಗೆ ಫೋನು, ಅಡುಗೆ ಭಟ್ಟರ ಮುನಿಸು, ಎಲ್ಲ ನನ್ನದೇ. ಕಾಗದದಲ್ಲೂ ಮಾಲೀಕಳು, ನಿಜದಲ್ಲೂ ಮಾಲೀಕಳು. ಗೆಲ್ಲುವ ವಾದ ಅಲ್ಲಿಗೆ ಮುಗಿಯಿತು.

ಸಾಠೆ ಮ್ಯಾಡಂ ಬಳಿ ಹೋಗಿ, "ಎಲ್ಲರೂ ಇಲ್ಲ ಅಂತಲೇ ಬರೆಯುತ್ತಾರಂತೆ, ಯಾರೂ ಪರೀಕ್ಷಿಸುವುದಿಲ್ಲವಂತೆ" ಎಂದೆ. ಅವರು ಕನ್ನಡಕ ತೆಗೆದರು.

"ಬಘ, ಡ್ರಾಫ್ಟಿಂಗ್ ಬರದಿದ್ದರೆ ಕಲಿಸುತ್ತೇನೆ. ಕೋರ್ಟಿನಲ್ಲಿ ತೊದಲಿದರೆ ಕಲಿಸುತ್ತೇನೆ. ಒಳಗೆ ಬರುವ ಬಾಗಿಲಲ್ಲೇ ಸುಳ್ಳು ಹೇಳಿ ಬಂದವಳಿಗೆ ಏನು ಕಲಿಸಲಿ? ಲೈಸೆನ್ಸಿನಲ್ಲಿ ಹೆಸರು ಬದಲಾಯಿಸು. ಗಲ್ಲಾ ಬಿಡು. ಆಮೇಲೆ ಸಹಿ ಹಾಕು. ಸಿಂಪಲ್ ಆಹೇ."

ಸಿಂಪಲ್ ಆಗಿರಲಿಲ್ಲ. ಎದೆಯಲ್ಲಿ ಎರಡು ಸ್ಟೆಂಟ್ ಇರುವ ಮನುಷ್ಯನಿಗೆ, ನಿಮ್ಮನ್ನು ಉಳಿಸಿದ ಹೆಸರನ್ನು ಗೋಡೆಯಿಂದ ಇಳಿಸಿ ಎಂದು ಯಾರು ಹೇಳುವುದು?

ಮನೆಯಲ್ಲಿ ಅಪ್ಪ ಮಲಗಿದ್ದಾಗ ಅಡುಗೆಮನೆಯಲ್ಲಿ ಅಮ್ಮನಿಗೂ ಸುಧಾಕರ ಮಾವನಿಗೂ ಮೆಲ್ಲನೆ ವಿಷಯ ಹೇಳಿದೆ. ನಾವು ಮಾತಾಡುವುದು ತುಳು, ನನ್ನದು ಅರ್ಧ ಹಿಂದಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮಾವ ಹೇಳಿದರು, "ಎಂತ ಹರಿಶ್ಚಂದ್ರನ ಮೊಮ್ಮಗಳ ಹಾಗೆ ಮಾಡ್ತಿ? ಸಹಿ ಹಾಕಿ ಬಿಸಾಡು. ನಿನ್ನ ಬಾರ್ ಕೌನ್ಸಿಲಿನವರು ನೌಪಾಡಾಕ್ಕೆ ಇಡ್ಲಿ ತಿನ್ಲಿಕ್ಕೆ ಬರ್ತಾರಾ?"

"ಬಂದರೆ ಗಲ್ಲಾದಲ್ಲಿ ನಾನೇ ಕೂತಿರ್ತೇನೆ ಮಾವ."

"ಹಾಗಾದರೆ ಅವರ ಹತ್ರ ದುಡ್ಡು ತಗೊಳ್ಬೇಡ."

ಅಮ್ಮ ನಗಲಿಲ್ಲ. ತೆಂಗಿನಕಾಯಿ ತುರಿಯುತ್ತಾ, "ಹೆಸರು ಮಾತ್ರ ಅಲ್ವಾ ಮಗಾ. ಹೆಸರಲ್ಲಿ ಎಂತ ಉಂಟು? ಅಪ್ಪನಿಗೆ ಈಗ ಏನೂ ಹೇಳುವುದು ಬೇಡ" ಎಂದಳು.

ನನಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದಾಗ ನನಗೆ ವಾಕ್ಯಗಳು ಬಹಳ ಚೆನ್ನಾಗಿ ಹೊಂದುತ್ತವೆ. "ಹೆಸರಲ್ಲಿ ಏನಿದೆ ಅಂತ ನಿನಗೆ ಹೇಗೆ ಗೊತ್ತಾಗಬೇಕು? ರೇಷನ್ ಕಾರ್ಡು ಬಿಟ್ಟರೆ ನಿನ್ನ ಹೆಸರು ಎಲ್ಲಾದರೂ ಇದೆಯಾ?" ಎಂದುಬಿಟ್ಟೆ.

ಮಾವ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅಮ್ಮ ತುರಿದ ಕಾಯಿಯನ್ನು ಒಂದು ಬದಿಗೆ ಒತ್ತರಿಸಿ, ಇನ್ನೊಂದು ಹೋಳು ಕೈಗೆತ್ತಿಕೊಂಡಳು. ಆ ಮಾತಿಗಾಗಿ ನಾನು ಇವತ್ತಿನವರೆಗೂ ಕ್ಷಮೆ ಕೇಳಿಲ್ಲ. ಇಲ್ಲಿ ಎಲ್ಲರ ಎದುರು ಕೇಳುತ್ತಿದ್ದೇನೆ.

ಆಗಸ್ಟ್ ಮೊದಲ ವಾರ ಛಾಪಾ ಕಾಗದದ ಮೇಲೆ ಅಫಿಡವಿಟ್ ಟೈಪು ಮಾಡಿಸಿದೆ. ಕಲ್ಯಾಣ ಕೋರ್ಟಿನ ಹೊರಗೆ, ನೀಲಿ ತಾಡಪಾಲಿನ ಕೆಳಗೆ ನೋಟರಿಯ ಮೇಜು. ಮಳೆ ಬೀಳುತ್ತಿತ್ತು. ಅವರು ಮೊಹರನ್ನು ಶಾಯಿಗೆ ಒತ್ತಿ ಸಿದ್ಧವಾಗಿ ಹಿಡಿದು, "ಸಹಿ ಕರಾ ಮ್ಯಾಡಂ" ಎಂದರು. ಪೆನ್ನು ಕೈಯಲ್ಲಿತ್ತು. ನನ್ನ ಹಿಂದೆ ಆರೇಳು ಜನ. ಅವರಲ್ಲೊಬ್ಬಳು ನನ್ನ ಕಾಲೇಜಿನವಳೇ. ಖಾಸಗಿ ಕಂಪನಿಯ ಕೆಲಸ ಬಿಟ್ಟು, ಅದರ ರಾಜೀನಾಮೆಯ ಪ್ರತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ನಿಂತಿದ್ದಳು. ಪ್ರಮಾಣ ಮಾಡುವುದಕ್ಕೆ ಮುಂಚೆ ಅದನ್ನು ನಿಜ ಮಾಡಿಕೊಂಡು ಬಂದವಳು. ನಾನು ಪೆನ್ನಿನ ಟೋಪಿ ಹಾಕಿ, ಸಾಲಿನಿಂದ ಹೊರಗೆ ಬಂದೆ.

ಹಳಿಯ ಮೇಲೆ ನೀರು ತುಂಬಿ ಲೋಕಲ್ ರೈಲು ನಿಂತುಹೋಗಿತ್ತು. ಡೊಂಬಿವಲಿಯ ಬಸ್ಸು ಹಿಡಿದೆ. ಬಸ್ಸು ಸೇತುವೆಯ ಮೇಲೆ ನಿಂತದ್ದು ನಿಂತೇ ಇತ್ತು. ಚಾಲಕ ಎಂಜಿನ್ನು ಆರಿಸಿದ. ಕಿಟಕಿಯ ಪಟ್ಟಿ ಮುಚ್ಚದೆ ನನ್ನ ಎಡಗೈ ಪೂರ್ತಿ ಒದ್ದೆ. ಫೈಲನ್ನು ಮಾತ್ರ ದುಪಟ್ಟಾದಲ್ಲಿ ಸುತ್ತಿಕೊಂಡಿದ್ದೆ.

ಅಲ್ಲಿ ನಾನು ದೇವಿಯನ್ನು ಪ್ರಾರ್ಥಿಸಿದೆ. ಪ್ರಾರ್ಥನೆ ಎಂದರೆ ನಿಮ್ಮ ಪ್ರಾರ್ಥನೆಯ ಹಾಗಲ್ಲ, ಕಣ್ಣೀರು ಇರಲಿಲ್ಲ. ಚರ್ಚಾ ಸ್ಪರ್ಧೆಯಲ್ಲಿ ಎದುರಾಳಿಯನ್ನು ಮೂಲೆಗೆ ಒತ್ತುವ ಹಾಗೆ ಒತ್ತಿದೆ. ನಾನು ಸುಳ್ಳು ಪ್ರಮಾಣ ಮಾಡಬಾರದು, ಹೆಸರು ತೆಗೆಯುವ ಮಾತು ನನ್ನ ಬಾಯಿಂದ ಅಪ್ಪನ ಕಿವಿಗೆ ಹೋಗಬಾರದು, ಹೋಟೆಲು ಮುಚ್ಚಬಾರದು. ಮೂರೂ ಒಟ್ಟಿಗೆ ಆಗಬೇಕು, ಎರಡಾಗಿ ಒಂದು ಬಿಟ್ಟರೆ ನೀನು ಇಲ್ಲ ಎಂದು ಅರ್ಥ, ಎಂದೆ. ಒಪ್ಪಿಕೊಳ್ಳುತ್ತೇನೆ, ಅದು ಕುಯುಕ್ತಿ. ಆಗದ್ದನ್ನೇ ಕೇಳಿದ್ದೆ, ಅವಳು ಸೋಲಲಿ ಎಂದೇ ಕೇಳಿದ್ದೆ. ಆದರೆ ಕೇಳಿ ಮುಗಿಸಿದ ಮೇಲೆ ನನಗೆ ತಿಳಿಯದೆ ಇನ್ನೊಂದು ಮಾತು ಸೇರಿತು: "ದಯವಿಟ್ಟು." ಅದು ನನ್ನ ಪಟ್ಟಿಯಲ್ಲಿರಲಿಲ್ಲ. ಅದು ಎಲ್ಲಿಂದ ಬಂತು ಎಂದು ನನಗೆ ಗೊತ್ತಿಲ್ಲ. ಆ ಹೊತ್ತಿಗೆ ಅಳು ಬಂತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಏನನ್ನೂ ಕೇಳದೆ ತನ್ನ ಚೀಲದಿಂದ ಒಂದು ಸೀಬೆಹಣ್ಣು ತೆಗೆದು ಕೊಟ್ಟಳು.

ಆ ಶುಕ್ರವಾರ ಮಂಡಳಿಯಲ್ಲಿ ದರ್ಶನ, ದೇವಿ ಪಾತ್ರಿಯ ಮೈಮೇಲೆ ಬರುವ ದಿನ. ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪ ಮನೆಯಿಂದ ಹೊರಗೆ ಕಾಲಿಟ್ಟದ್ದು ಅದೇ ಮೊದಲು. ರಿಕ್ಷಾದಲ್ಲಿ ಕರೆದುಕೊಂಡು ಬಂದೆವು. ನೆಲದಲ್ಲಿ ಕೂರಲಾಗದ ಕಾರಣ ಗಂಡಸರ ಸಾಲಿನ ತುದಿಯಲ್ಲಿ ಅವರಿಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಅಮ್ಮ ಎಂದಿನಂತೆ ಹೆಂಗಸರ ಗುಂಪಿನ ಹಿಂದಿನ ಸಾಲಿನಲ್ಲಿ, ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕ. ನಾನು ಅಪ್ಪನ ಕುರ್ಚಿಯ ಹಿಂದೆ ನಿಂತಿದ್ದೆ, ಅವರು ತಲೆಸುತ್ತಿ ಬಿದ್ದರೆ ಹಿಡಿಯಲು.

ಪಾತ್ರಿ ಶೀನಣ್ಣ ವಾರವೆಲ್ಲ ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಲ್ಲಿ ಲಾರಿಗಳ ಲೋಡು ಬರೆದುಕೊಳ್ಳುವವರು. ಎಲ್ಲರ ಜೊತೆ ಬೋಗಿ ಹತ್ತಿ ಇಳಿಯುವ ಮನುಷ್ಯ. ಕೆಂಪು ಪಟ್ಟೆ ಉಟ್ಟು ಗಂಧ ಹಚ್ಚಿಕೊಂಡು ನಿಂತಾಗ ಬೇರೆಯೇ. ದರ್ಶನದಲ್ಲಿ ಏನಾದರೂ ಕೈಚಳಕ ಇದೆಯೇ ಎಂದು ನಾನು ವರ್ಷಗಳಿಂದ ಕಣ್ಣಿಟ್ಟು ನೋಡುತ್ತಿದ್ದೆ. ಆ ಅಭ್ಯಾಸದಿಂದಲೇ ಆ ದಿನ ನಡೆದದ್ದು ನನಗೆ ಅಷ್ಟು ಸ್ಪಷ್ಟವಾಗಿ ಕಂಡಿತು.

ಅಪ್ಪನ ಸರದಿ ಬಂತು. ಕೂತಲ್ಲಿಂದಲೇ ಕೈ ಮುಗಿದು ಕೇಳಿದರು, "ಅಮ್ಮಾ, ನನ್ನ ಕೈಯಲ್ಲಿ ಇನ್ನು ಆಗುವುದಿಲ್ಲ. ಹೋಟೆಲು ಇನ್ನು ಯಾರು ನಡೆಸಬೇಕು?"

ಈ ಪ್ರಶ್ನೆ ಕೇಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ಉತ್ತರ "ಮಗಳು" ಎಂದು ಬಂದರೆ ನನ್ನ ಸನದು ಅಲ್ಲಿಗೆ ಮುಗಿಯಿತು. ಸಾಠೆ ಮ್ಯಾಡಂ ಮೇಲೆ ಅಪೀಲು ಹೋಗಬಹುದು, ದೇವಿಯ ಮೇಲೆ ಎಲ್ಲಿಗೆ ಹೋಗುವುದು?

ಶೀನಣ್ಣ ಏನೂ ಹೇಳಲಿಲ್ಲ. ನಡುಗುತ್ತಿದ್ದ ಕೈಯಲ್ಲಿ ಪಿಂಗಾರದ, ಅಡಿಕೆ ಹೂವಿನ, ಒಂದು ಗೊಂಚಲು ಮುರಿದು ಅಪ್ಪನ ಕಡೆಗೆ ಚಾಚಿದರು. ಅಪ್ಪನ ಕಡೆಗೇ. ಇದನ್ನು ನಾನು ಎಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆ. ಅಪ್ಪ ಏಳಲು ಕುರ್ಚಿಯ ಕೈ ಹಿಡಿದರು, ಆಗಲಿಲ್ಲ. ನಾನು ಅವರ ತೋಳಿಗೆ ಕೈ ಹಾಕುವಷ್ಟರಲ್ಲಿ ಹಿಂದಿನ ಸಾಲಿನಿಂದ ಅಮ್ಮ ಬಂದಳು. ಹೆಂಗಸರ ಮಧ್ಯದಿಂದ ದಾರಿ ಮಾಡಿಕೊಂಡು, ಯಾರ ಕಾಲನ್ನೂ ತುಳಿಯದೆ ನೇರವಾಗಿ ಬಂದು, ಪಾತ್ರಿಯ ಮುಂದೆ ನಿಂತು, ಸೆರಗು ಚಾಚಿದಳು. ಪಿಂಗಾರ ಅವಳ ಸೆರಗಿನಲ್ಲಿ ಬಿತ್ತು. ಡೋಲು ಬಡಿಯುವವನು ಒಂದು ಪೆಟ್ಟು ತಪ್ಪಿದ. ಶೀನಣ್ಣ ಆ ಸೆರಗನ್ನು ಒಂದು ಗಳಿಗೆ ನೋಡಿ, ಅಮ್ಮನ ತಲೆಯ ಮೇಲೆ ಕೈಯಿಟ್ಟು, ಮುಂದಿನವರ ಕಡೆಗೆ ತಿರುಗಿದರು.

ರಿಕ್ಷಾದಲ್ಲಿ ಹಿಂದಿರುಗುವಾಗ ಅಪ್ಪ ನನಗೆ ಹೇಳಿದರು, "ನೋಡಿದೆಯಾ, ದೇವಿ ನಿನ್ನ ಅಮ್ಮನಿಗೆ ಕೊಟ್ಟಳು."

"ನಿಮಗೆ ಏಳಲಾಗಲಿಲ್ಲ, ಅದಕ್ಕೆ ನಾನು ತಗೊಂಡೆ" ಎಂದಳು ಅಮ್ಮ.

"ಅದು ನಿನ್ನ ಮಾತು ಗುಲಾಬಿ. ಅಮ್ಮನವರ ಮಾತು ಬೇರೆ."

ಮರುವಾರವೇ ಅಪ್ಪ ಲೈಸೆನ್ಸು ಮಾಡಿಸಿಕೊಡುವ ಏಜೆಂಟನನ್ನು ಕರೆಸಿದರು. ನನ್ನನ್ನು ಕೂರಿಸಿಕೊಂಡು, ನನಗೇ ಸಮಾಧಾನ ಹೇಳುವವರ ಹಾಗೆ, "ಬೇಜಾರು ಮಾಡ್ಬೇಡ ಮಗಾ. ನಿನ್ನ ಹೆಸರು ಇಷ್ಟು ವರ್ಷ ನಮ್ಮನ್ನು ಕಾಪಾಡಿತು. ಇನ್ನು ಅಮ್ಮನ ಹೆಸರಿಗೆ ಮಾಡುವ" ಎಂದರು. ನಾನು ಅಫಿಡವಿಟ್ಟಿನ ಮಾತು ಎತ್ತಲೇ ಇಲ್ಲ. ಅವರಿಗೆ ಅದು ತಿಳಿದದ್ದು ನಾನು ಕಪ್ಪು ಕೋಟು ಹೊಲಿಸಿದ ಮೇಲೆ. ಜೋಯಿಸರು ಫೋನಿನಲ್ಲಿ ಕೂಗಾಡಿದರು, "ದುರ್ಬಲ ಅಂತ ಹೇಳಿರಲಿಲ್ವಾ?" ಅಪ್ಪ, "ನೀವು ಜಾತಕ ನೋಡಿದ್ದು, ನಾನು ಸೆರಗು ನೋಡಿದ್ದು" ಎಂದು ಫೋನಿಟ್ಟರು. ಅಪ್ಪನ ಬಾಯಲ್ಲಿ ಅಂಥ ವಾಕ್ಯ ನಾನು ಮೊದಲ ಬಾರಿ ಕೇಳಿದ್ದು.

ಹೊಸ ಲೈಸೆನ್ಸು ಗಣಪತಿ ಹಬ್ಬ ಕಳೆದ ಮೇಲೆ ಬಂತು. ಅಮ್ಮ ಗಲ್ಲಾದಲ್ಲಿ ಕೂತ ಮೊದಲ ದಿನ ಭಟ್ಟರು ಹೆಂಗಸಿನ ಕೈಕೆಳಗೆ ಕೆಲಸ ಮಾಡುವುದಿಲ್ಲ ಎಂದು ಊರಿಗೆ ಟಿಕೇಟು ಮಾಡಿಸಿದರು. ಅಮ್ಮ ಎರಡು ದಿನ ತಾನೇ ಸಾಂಬಾರು ಮಾಡಿದಳು. ಮೂರನೆಯ ದಿನ ಗಿರಾಕಿಗಳು ಸಾಂಬಾರು ಯಾರದ್ದು ಎಂದು ಕೇಳತೊಡಗಿದಾಗ ಭಟ್ಟರು ಟಿಕೇಟು ರದ್ದು ಮಾಡಿಸಿದರು.

ಅದೇ ನೋಟರಿ, ಅದೇ ತಾಡಪಾಲು. ದಸರೆಗೆ ಹತ್ತು ದಿನ ಇರುವಾಗ, ಹೊಸದಾಗಿ ಟೈಪು ಮಾಡಿಸಿದ ಅಫಿಡವಿಟ್ಟಿಗೆ ಸಹಿ ಹಾಕಿದೆ. ಪ್ರತಿಯೊಂದು ಅಕ್ಷರವೂ ನಿಜವಾಗಿತ್ತು. ಸಾಠೆ ಮ್ಯಾಡಂ ರಸೀದಿಯನ್ನು ಎರಡೂ ಕಡೆ ತಿರುಗಿಸಿ ನೋಡಿ, "ನಾಳೆ ಹತ್ತಕ್ಕೆ ಬಾ. ತಡವಾದರೆ ಲೋಕಲಿನ ಕಥೆ ಹೇಳಬೇಡ" ಎಂದರು. ಡಿಸೆಂಬರಿನಲ್ಲಿ ಸನದು ಬಂತು.

ಇದು ಕಾಕತಾಳೀಯ ಎಂದು ಹೇಳುವವರಿದ್ದಾರೆ. ಹಳೆಯ ನಾನಾದರೆ ಅವರ ಪಕ್ಷದಲ್ಲೇ ನಿಂತು ಕಪ್ಪು ಗೆದ್ದುಬಿಡುತ್ತಿದ್ದೆ. ರೋಗಿ ಏಳಲಾಗದಿದ್ದಾಗ ಹೆಂಡತಿ ಪ್ರಸಾದ ತೆಗೆದುಕೊಳ್ಳುವುದರಲ್ಲಿ ಪವಾಡವೇನಿದೆ? ಏನೂ ಇಲ್ಲ. ಆದರೆ ನಾನು ಬಸ್ಸಿನಲ್ಲಿ ಮೂರು ಷರತ್ತು ಹಾಕಿದ್ದೆ, ಮೂರೂ ಈಡೇರಿದವು. ನಾನು ಎಣಿಸಿದ ದಾರಿಯಲ್ಲಲ್ಲ, ನನ್ನ ಲೆಕ್ಕದಲ್ಲೇ ಇರದಿದ್ದ ಒಬ್ಬಳ ಮೂಲಕ. ಮಾತಾಡದ ದೇವಿಯನ್ನು ನಾನು ನಂಬುತ್ತೇನೆ. ಮಾತಾಡಿದ್ದರೆ ಬಹುಶಃ ವಾದಕ್ಕೆ ಇಳಿಯುತ್ತಿದ್ದೆ. ಈಗ ಪ್ರತಿ ಶುಕ್ರವಾರ ಬರುತ್ತೇನೆ, ಹಾರ್ಮೋನಿಯಂ ಇಲ್ಲದಿದ್ದರೂ ಬರುತ್ತೇನೆ. ಅನುಮಾನ ಹೋಗಿಲ್ಲ. ಅದನ್ನೂ ಜೊತೆಗೆ ಕರೆದುಕೊಂಡು ಬಂದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಆ ತಾಯಿಗೆ ನನ್ನ ಕೃತಜ್ಞತೆ, ಯಾವ ಷರತ್ತೂ ಇಲ್ಲದೆ.

ಒಂದು ಸಂಗತಿ ಮಾತ್ರ ಉಳಿದಿದೆ. ಇದನ್ನು ಬರೆಯುವ ಮುಂಚೆ ನೌಪಾಡಾಕ್ಕೆ ಹೋಗಿದ್ದೆ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಅಮ್ಮ ಗಲ್ಲಾದಲ್ಲಿ ಒಬ್ಬಳೇ ಇದ್ದಳು. ಎದುರಿನ ಸ್ಟೂಲಿನಲ್ಲಿ ಕೂತು ಕೇಳಿದೆ:

"ಅಮ್ಮ, ಅಷ್ಟು ಹಿಂದಿನ ಸಾಲಿನಲ್ಲಿ ಕೂತವಳು ನೀನು. ಅಪ್ಪನಿಗೆ ಏಳಲಾಗುವುದಿಲ್ಲ ಎಂದು ಗೊತ್ತಾಗುವ ಮೊದಲೇ ನೀನು ಎದ್ದಾಗಿತ್ತಲ್ಲ, ಯಾಕೆ?"

ಅಮ್ಮ ತನ್ನ ಹೆಸರಿದ್ದ ಲೈಸೆನ್ಸಿನ ಗಾಜನ್ನು ಸೆರಗಿನಿಂದ ಒರೆಸುತ್ತಾ, "ಅಡುಗೆಮನೆಯಲ್ಲಿ ನೀನು ಹೇಳಿದ್ದೆಲ್ಲ ನನಗೆ ಕೇಳಿತ್ತಲ್ವಾ ಮಗಾ" ಎಂದಳು.